ಹುಂಜನ ಸ್ಟೀಲ್ ಗಿಟಾರ್

ಸುಳ್ಳು ಅನ್ನುವವರು ಎದುರಿಗೆ ಬನ್ನಿ, ನೋಡೋಣ: ನಮ್ಮೂರ ಹುಂಜ ಸ್ಟೀಲ್ ಗಿಟಾರಿನಲ್ಲಿ ಜಾಝ್ ನುಡಿಸಿದ! ಆದರೆ ಕಲಿಯುವಾಗ, ತಂತಿಗಳ ಮೇಲೆ ಹಗುರವಾಗಿ ಜಾರಿಸಬೇಕಾದ ಉಕ್ಕಿನ ತುಂಡನ್ನು ಮೈಭಾರವೆಲ್ಲ ಹಾಕಿ ಕಾಲಿನಿಂದ ಅದುಮುತ್ತಿದ್ದ. ಅವನು ನುಡಿಸುತ್ತಿದ್ದ ಹಳೆಯ ಜಾಝ್ ಹಾಡು ಕಿರುಚಿಕೊಳ್ಳುತ್ತಿತ್ತು.

"ಸಂಜೆಯೊಳಗೆ ಸರಿಹೋಗದಿದ್ದರೆ ನಮ್ಮ ಮೇಳದಲ್ಲಿ ನಿನಗೆ ಜಾಗವಿಲ್ಲ," ಎಂದ ಡ್ರಮ್ ಬಾರಿಸುವ ಕಪ್ಪೆಯಣ್ಣ.

"ನನ್ನ ಕಾಲಿನ ಬಲ ಗೊತ್ತೇನು?" ಎಂದು ಹುಂಜ ಎದೆಯುಬ್ಬಿಸಿದ.

"ಅದನ್ನು ತಿಪ್ಪೆ ಕೆದಕೋಕೆ ಇಟ್ಟುಕೋ, ತಮ್ಮಾ," ಎನ್ನುತ್ತ ಬಸವನಹುಳು ಅಕ್ಕ ಆ ಉಕ್ಕಿನ ಮೇಲೇ ಹತ್ತಿ ಕೂತಳು. "ಈಗ ನುಡಿಸು. ನನ್ನನ್ನು ಬೀಳಿಸಬೇಡ."

ಅಕ್ಕ ಬಿದ್ದರೆ ಚಿಪ್ಪು ಒಡೆದೀತೆಂದು ಹುಂಜ ಒತ್ತದೆ, ಕುಲುಕದೆ, ಮೆಲ್ಲಗೆ ಜಾರಿಸಿದ. ಹಾಡು ಎಣ್ಣೆಯಂತೆ ಹರಿಯಿತು.

"ನನ್ನನ್ನು ನಂಬಿ ಕೂತೆಯಲ್ಲ, ಅಕ್ಕಾ, ಅದನ್ನು ಮರೆಯಲ್ಲ," ಎಂದು ಅವನು ಜುಟ್ಟನ್ನು ನೆಲಕ್ಕೆ ತಾಗಿಸಿದ.

ಸಂಜೆ ಮೇಳದವರು ಆ ಹಾಡಿನ ನಡುಭಾಗವನ್ನು ಅವನೊಬ್ಬನಿಗೇ ನುಡಿಸಲು ಬಿಟ್ಟುಕೊಟ್ಟರು.