ಮೇಲಿನ ಕೊಳವೆ, ಕೆಳಗಿನ ಕೊಳವೆ

ಹೊಳೆದಂಡೆಯ ಕಾಗದದ ಕಾರ್ಖಾನೆ ಹರಿವಿನ ಮೇಲ್ಗಡೆಯ ಕೊಳವೆಯಿಂದ ಹೊಳೆನೀರು ಹೀರಿ, ಕೆಳಗಡೆಯ ಕೊಳವೆಯಿಂದ ಕಪ್ಪು ನೀರು ಬಿಡುತ್ತಿತ್ತು. ಮರಿಗಳಿಗೆ ಮೈತುರಿಕೆ ಹತ್ತಿದಾಗ ನೀರುನಾಯಿ ಬಂದು ದೂರಿತು.

"ಬಣ್ಣ ನೋಡಿ ಹೆದರಬೇಡ, ತಾಯಿ. ಅದು ಶುದ್ಧವಾದ ಮರದ ರಸ," ಎಂದಿತು ಕಾರ್ಖಾನೆ.

"ಸಂತೋಷ, ಸ್ವಾಮಿ. ಹಾಗಾದರೆ ನಾಳೆಯಿಂದ ಬಿಡುವ ಕೊಳವೆ ಮೇಲಿರಲಿ, ಹೀರುವ ಕೊಳವೆ ಕೆಳಗಿರಲಿ."

ಕಾರ್ಖಾನೆ ಚಿಮಣಿಯಲ್ಲಿ ಕೆಮ್ಮಿತು. "ಆಮೇಲೆ ನನ್ನ ಬಿಳಿ ಕಾಗದದ ಗತಿ?"

"ಈಗ ನನ್ನ ಮರಿಗಳದ್ದೂ ಅದೇ ಗತಿ."

ಕಾರ್ಖಾನೆ ತೊಟ್ಟಿಗಳನ್ನು ಕಟ್ಟಿ ಕಪ್ಪು ನೀರನ್ನು ತಿಳಿಮಾಡಿತು, ಚಿಮಣಿಯ ಹೊಗೆಯನ್ನೂ ಸೋಸಿತು. ಬೇಸಿಗೆ ಬರುವಷ್ಟರಲ್ಲಿ ನೀರುನಾಯಿಯನ್ನು ಕರೆದು, "ಈಗ ಕೊಳವೆಗಳನ್ನು ಅದಲುಬದಲು ಮಾಡಲು ನಾನು ಸಿದ್ಧ," ಎಂದು ಬೀಗಿತು.

"ದಯವಿಟ್ಟು ಬೇಡ, ಸ್ವಾಮಿ," ಎಂದಿತು ನೀರುನಾಯಿ. "ಕೆಳಗಿನ ಕೊಳವೆಯ ಬಾಯಲ್ಲಿ ನನ್ನ ಮರಿಗಳು ಜಾರುಬಂಡೆ ಆಡುತ್ತಿವೆ."