ಬೀದಿಯ ಕೊನೆಯ ಮನೆ

"ಕರುಳಿಗೆ ಉರಿಯೂತ ಬಂದರೆ ರಕ್ತ ಅಲ್ಲಿಗೆ ನುಗ್ಗುತ್ತದೆ, ಕರುಳು ಕೆಂಪಾಗುತ್ತದೆ ಎಂದು ನೀವೇ ಕಲಿಸಿದಿರಿ. ಕೊಳವೆ ಇಳಿಸಿ ನೋಡಿದರೆ ದ್ಯಾಮವ್ವನ ಕರುಳು ಈಗ ಬಿಳಿಚಿಕೊಂಡಿದೆ. ಉರಿ ಆರಿತೆಂದು ಮನೆಗೆ ಕಳಿಸಬಹುದಲ್ಲವೇ?" ಎಂದು ಶಿಷ್ಯ ಚನ್ನಮಲ್ಲ ತನ್ನ ಗುರು, ಹಿರಿಯ ವೈದ್ಯರನ್ನು ಕೇಳಿದ.

ದ್ಯಾಮವ್ವ ಬಳೆ ಮಾರುವವಳು, ಎಂಟು ವರ್ಷದಿಂದ ಕರುಳಿನ ಉರಿಯೂತದ ರೋಗಿ. ಹುಣ್ಣು ಇನ್ನೂ ಮಾಯ್ದಿರಲಿಲ್ಲ. ಬೆಳಿಗ್ಗೆಯೂ "ಒಳಗಿನ್ನೂ ಉರೀತೈತ್ರಿ" ಎಂದಿದ್ದಳು. ಆದರೂ ಅವಳನ್ನು ಬಿಡುಗಡೆ ಮಾಡುವ ಚೀಟಿ ಚನ್ನಮಲ್ಲನ ಕೈಯಲ್ಲಿ ಸಿದ್ಧವಿತ್ತು. ಇದು ತನ್ನ ಮೊದಲ ಗೆಲುವೆಂದು ಅವನಿಗೆ ಒಳಗೊಳಗೇ ಹಿಗ್ಗು.

ಗುರುಗಳು ಚೀಟಿಯನ್ನು ನೋಡಿದರು, ಮುಟ್ಟಲಿಲ್ಲ. "ಕೂತುಕೋ, ನಿನ್ನ ಅವಸರಕ್ಕೆ ಒಂದು ಕತೆಯಿದೆ. ಅದರ ಬೀದಿಯನ್ನು ಕರುಳಿನ ರಕ್ತನಾಳವೆಂದುಕೊಂಡು ಕೇಳು" ಎಂದು ಹೇಳತೊಡಗಿದರು.

ಒಂದು ಊರಿನಲ್ಲಿ ನೇಕಾರರ ಬೀದಿ. ಒಂದು ಗಾಡಿ ಹಿಡಿಯುವಷ್ಟೇ ಅಗಲ. ಅದರ ಕೊನೆಯ ಮನೆಗೆ ಬೆಂಕಿ ಬಿತ್ತು. ಊರಿಗೆ ಊರೇ ಕೊಡ ಹೊತ್ತು ನುಗ್ಗಿತು. ಬೆಂಕಿ ತಗ್ಗಿತು, ಆದರೆ ನೂಲಿನ ರಾಶಿಯ ಅಡಿಯಲ್ಲಿ ಕೆಂಡ ಉಳಿಯಿತು. ಆಗಾಗ ಹೊಗೆಯೇಳುತ್ತಿತ್ತು, ಆಗೆಲ್ಲ ಜನ ಓಡಿ ಬರುತ್ತಿದ್ದರು.

ಬೀದಿಯವರು ಹೆದರಿದರು. ಪ್ರತಿಯೊಬ್ಬರೂ ತಮ್ಮ ಗೋಡೆಗೆ ಒತ್ತಿ, ಬೀದಿಯ ಕಡೆಗೆ ಒಂದು ನೀರಿನ ತೊಟ್ಟಿ ಕಟ್ಟಿದರು. ಮತ್ತೆ ಹೊಗೆ ಕಂಡಾಗ ಅದರ ಗೋಡೆಯನ್ನು ಇನ್ನಷ್ಟು ದಪ್ಪ ಮಾಡಿದರು. ಅವರಲ್ಲಿ ಯಾರೂ ಕೆಟ್ಟವರಲ್ಲ. ಆದರೆ ಬೀದಿ ಕಿರಿದಾಗುತ್ತ ಹೋಗಿ, ಕೊನೆಗೆ ಕೊಡ ಹೊತ್ತವನೂ ತೂರಲಾರದಂತಾಯಿತು. ಕೆಂಡ ಆರಿಸಲು ಇರಲಿ, ತೊಟ್ಟಿ ತುಂಬಲೂ ನೀರು ಬರಲಿಲ್ಲ. ಸುಟ್ಟ ಗೋಡೆ ಎಬ್ಬಿಸಲು ಮಣ್ಣೂ ಸುಣ್ಣವೂ ಬರಲಿಲ್ಲ.

ಊರ ಯಜಮಾನ ಬೀದಿಯ ಬಾಯಲ್ಲಿ ನಿಂತು ನೋಡಿದ. ಗದ್ದಲವಿಲ್ಲ, ಓಡಾಟವಿಲ್ಲ. "ಎಲ್ಲ ತಣ್ಣಗಾಯಿತು" ಎಂದು ಹೊರಟ.

ಕೊನೆಯ ಮನೆಯ ಹೆಂಗಸು ಹಾರೆ ಹಿಡಿದು ಬಂದಳು. "ಜನ ಬರುತ್ತಿಲ್ಲ ಅಂದರೆ ಬೆಂಕಿ ಇಲ್ಲ ಅಂತಲ್ಲ ಯಜಮಾನರೇ, ದಾರಿ ಇಲ್ಲ ಅಂತ. ನನ್ನ ಮಗ್ಗದ ಕೆಳಗೆ ಇವತ್ತೂ ನೆಲ ಸುಡುತ್ತಿದೆ" ಎಂದಳು. ಅವನು ತಿರುಗಿ ನೋಡಲಿಲ್ಲ. ಅವಳು ಮೊದಲು ತನ್ನ ತೊಟ್ಟಿಯನ್ನೇ ಒಡೆದಳು. ಆಮೇಲೆ ಪಕ್ಕದ ಮನೆಯ ಬಾಗಿಲು ತಟ್ಟಿದಳು. ಅವರು ಬೈದು ಕಳಿಸಿದರು. ಮರುದಿನ ಮತ್ತೆ ತಟ್ಟಿದಳು. ಅಂಗೈ ಬೊಬ್ಬೆಯೆದ್ದರೂ ಹಾರೆ ಕೆಳಗಿಡಲಿಲ್ಲ.

ಚನ್ನಮಲ್ಲನಿಗೆ ಯಜಮಾನನ ಮೇಲೆ ಸಿಟ್ಟು ಬಂತು. "ನಾಲ್ಕು ಹೆಜ್ಜೆ ಒಳಗೆ ಹೋಗಬಾರದಿತ್ತೇ? ಅವಳ ಮಾತನ್ನಾದರೂ ಕೇಳಬಾರದಿತ್ತೇ?" ಎಂದ.

"ಕೇಳಬಹುದಿತ್ತು," ಎಂದರು ಗುರುಗಳು, "ಆದರೆ ಅವನ ಕೈಯಲ್ಲೂ ಒಂದು ಚೀಟಿ ಸಿದ್ಧವಿತ್ತು."