ಆರನೆಯ ಕಂಬಳಿ

ಬೀರವ್ವ ನೂತ ಉಣ್ಣೆಯನ್ನು ನೇಯುತ್ತಿದ್ದ ಹಳೆಯ ಮಗ್ಗ, ಹೊರನಾಡಿನ ಗಿರಣಿಯಿಂದ ಬಂದ ಕಂಬಳಿಯೊಂದರ ಮುಂದೆ ಅಂಗಲಾಚಿತು: "ಅಣ್ಣಾ, ನೀವು ಹೀಗೆ ಹಿಂಡುಗಟ್ಟಿ ಬಂದರೆ ನಾನು ಒಲೆಗೆ ಸೌದೆಯಾಗುತ್ತೇನೆ. ನೀವಾಗಿಯೇ ಮಿತಿ ಹಾಕಿಕೊಳ್ಳಿ, ವರ್ಷಕ್ಕೆ ಐದೇ ಕಂಬಳಿ ಸಾಕು."

"ಆಗಲಿ ಅಜ್ಜಾ. ನಮ್ಮವರ ಮಾತೆಂದರೆ ಮಾತು," ಎಂದಿತು ಕಂಬಳಿ.

ಮರುವರ್ಷ ಐದೇ ಬಂದವು, ಉಳ್ಳವರ ಮನೆ ಸೇರಿದವು. ಮಗ್ಗಕ್ಕೆ ಬಿಡುವಿಲ್ಲದ ಕೆಲಸ. ಮಾಗಿಯಲ್ಲಿ ಬೀರವ್ವನೇ ಚಳಿಜ್ವರದಿಂದ ನಡುಗತೊಡಗಿದಳು. ನೇಯ್ದವೆಲ್ಲ ಮಾರಿಹೋಗಿ, ಮಗ್ಗದ ಮೇಲಿದ್ದದ್ದು ಅರ್ಧ ಕಂಬಳಿ.

ಊರ ಗಡಿಕಲ್ಲಿನ ಆಚೆ ಗಿರಣಿಯ ಆರನೆಯ ಕಂಬಳಿ ಕಾಣಿಸಿತು. "ಬೇಗ ಬಾರೋ ಮಾರಾಯ!" ಎಂದು ಮಗ್ಗ ಕೂಗಿತು.

"ಐದೇ ಸಾಕೆಂದದ್ದು ನೀನೇ ಅಲ್ಲವೇ ಅಜ್ಜಾ? ಕೊಟ್ಟ ಮಾತು ಮೀರಲಾರೆ," ಎಂದು ಅದು ಅಲ್ಲೇ ಕುಳಿತಿತು.

ಮೂರನೆಯ ದಿನ ಮಗ್ಗ ತನ್ನ ಕಂಬಳಿಯನ್ನು ಮುಗಿಸಿತು. ಊರವರು ಅದನ್ನು ಬೀರವ್ವನಿಗೆ ಮುಖವೂ ಮುಚ್ಚುವಂತೆ ಹೊದಿಸಿದರು.